ಪರದೇಶಿ ಕಾಯಿ

ಚೆಶಿನ್ ಊರನ್ನು ಸೀಳಿ ಹರಿಯುತ್ತದೆ ಓಲ್ಜಾ ಹೊಳೆ.
ಈ ದಡ ಪೋಲೆಂಡು, ಆ ದಡ ಚೆಕ್.
ಹೊಳೆಗೆ ಬೆನ್ನು ಹಾಕಿ ಕೂತ ನಮ್ಮ ಬೇಕರಿಯ ನೆಲಮಾಳಿಗೆಯಲ್ಲಿ,
ಕ್ರಿಸ್‌ಮಸ್ಸಿಗೆ ಇನ್ನು ಒಂಬತ್ತು ದಿನ,
ಎರಡು ಮೂಟೆ ಅಕ್ರೋಟು, ಐದು ಸುತ್ತಿಗೆ.

ಮಾತು ಹುಟ್ಟಿದ್ದು ಒಂದು ಚೀಟಿಯಿಂದ.
ಡಬ್ಬಕ್ಕೆ ಅಂಟಿಸಲು ನಾನು ಬರೆದದ್ದು: ವ್ವೋಸ್ಕಿ.
ಇಟಲಿಯ ಕಾಯಿ ಅಂತ ಅರ್ಥ.
ಮೂಟೆ ಬಂದದ್ದು ನಮ್ಮತ್ತೆಯ ಹಿತ್ತಿಲಿನಿಂದ.

ಪೊಲ್ತಾವಾದ ಓರಿಸ್ಯಾ ತಲೆಯಾಡಿಸಿದಳು:
ನಮ್ಮ ಕಡೆ ಇದು ವೊಲೊಸ್ಕಿ, ವಲಾಖರ ಕಾಯಿ.
ಅಜ್ಜಿ ಮಾತ್ರ ರಷ್ಯನ್ನಿನಲ್ಲಿ ಗ್ರೀಕರದ್ದು ಅನ್ನುತ್ತಿದ್ದಳು.
ಆ ಭಾಷೆ ಈಗ ಮನೆಯಲ್ಲಿ ಆಡುವುದಿಲ್ಲ.

ವಲಾಖರೆಂದರೆ ನಾವು, ಎಂದಳು ಸ್ಮರಾಂದ.
ಎತ್ತಿದ ಸುತ್ತಿಗೆ ಎತ್ತಿದ ಹಾಗೇ ಇತ್ತು.
ನಮ್ಮನ್ನು ನಾವು ಹಾಗೆ ಕರೆದುಕೊಂಡದ್ದೇ ಇಲ್ಲ, ಕರೆದವರು ನೀವು.
ರೊಮಾನಿಯಾದಲ್ಲಿ ಇದು ಬರೀ ನೂಕ.
ಕಾಯಿ. ಮುಗೀತು.

ಲೆಕ್ಕ ಬರೆಯುವ ಹೈಡ್ರುನ್, ಜರ್ಮನಿಯವಳು,
ಕನ್ನಡಕ ಮೂಗಿಗೆ ಇಳಿಸಿ ತಪ್ಪೊಪ್ಪಿಕೊಂಡಳು:
ಎಲ್ಲ ನಮ್ಮ ಮುತ್ತಜ್ಜಂದಿರ ಕಿತಾಪತಿ.
ಯಾವುದೋ ಒಂದು ಬುಡಕಟ್ಟಿನ ಹೆಸರು, ವಾಲ್.
ಆಮೇಲೆ ಮಾತು ತಿಳಿಯದ ನೆರೆಯವನೆಲ್ಲ ವಾಲ್.
ಆಲ್ಪ್ಸ್ ದಾಟಿದರೆ ಇಟಲಿಯವನು,
ಡ್ಯಾನ್ಯೂಬಿನ ಕೆಳಗೆ ಕುರಿ ಮೇಯಿಸುವವನು,
ಕಡಲಾಚೆ...

ಕಡಲಾಚೆ ನಾನು, ಎಂದಳು ನೆರಿಸ್.
ಒಲೆ ರಿಪೇರಿಯವನನ್ನು ಕಟ್ಟಿಕೊಂಡು ಬಂದವಳು.
ವೇಲ್ಸ್ ಅಂದರೆ ಹೊರಗಿನವರು, ಪರದೇಶಿಗಳು.
ನಮ್ಮ ನೆಲದಲ್ಲಿ ನಾವೇ ಪರದೇಶಿಗಳು!
ನಾವು ಹೇಳುವುದು ಕಮ್ರಿ.
ಒಂದೇ ಸೀಮೆಯವರು ಅಂತ.

ಸರಿ, ನಿಮ್ಮಲ್ಲಿ ಈ ಕಾಯಿಗೆ ಏನಂತೀರಿ?

ನೆರಿಸ್ ಒಂದು ತಿರುಳು ಬಾಯಿಗೆ ಹಾಕಿಕೊಂಡಳು.
ನಿಧಾನ ಅಗಿದಳು.
ಫ್ರೆಂಚ್ ಕಾಯಿ.

ನಾವು ನಕ್ಕ ನಗುವಿಗೆ ಮೇಲಿನಿಂದ ಹುಡುಗ ಇಣುಕಿದ.
ಓರಿಸ್ಯಾ ಸ್ವಲ್ಪ ಮೊದಲೇ ನಿಲ್ಲಿಸಿದಳು.
ಅವಳ ಕಾರ್ಡಿನಲ್ಲಿ ಅದೇ ಪದವಿದೆ, ನಮ್ಮ ಪೋಲಿಷಿನಲ್ಲಿ,
ಬೇರೆ ನೆಲದವಳು, ಸೀಲು ಸಮೇತ.

ಸಂಜೆ ಸೇತುವೆ ದಾಟಿ ಜ್ದಿಸ್ಲಾವಾ ಬಂದಳು,
ಚಿಪ್ಪು ಕೇಳಿಕೊಂಡು.
ಆ ದಡದ ಪದ್ಧತಿ: ಅರ್ಧ ಚಿಪ್ಪಿನಲ್ಲಿ ಬೆರಳುದ್ದದ ಮೇಣದ ಬತ್ತಿ,
ಬೋಗುಣಿಯ ನೀರಲ್ಲಿ ತೇಲಬಿಡುವುದು.
ನಡುವಿಗೆ ಹೋದರೆ ಪ್ರಯಾಣ,
ಅಂಚಿಗೆ ನಿಂತರೆ ಮನೆ.
ಹಬ್ಬದ ರಾತ್ರಿಯವರೆಗೆ ಕಾಯುವ ತಾಳ್ಮೆ ಯಾರಿಗಿತ್ತು?

ನನ್ನದು ಮುಳುಗಿತು.
ಸ್ಮರಾಂದಳದು ಹೈಡ್ರುನಳದಕ್ಕೆ ಡಿಕ್ಕಿ ಹೊಡೆದು ಆರಿತು.
ಓರಿಸ್ಯಾಳದು ಅಂಚು ಕಚ್ಚಿಕೊಂಡು ಉರಿಯಿತು.
ಮನೆಯಲ್ಲೇ ಇರುತ್ತೀ ನೋಡು, ಎಂದಳು ಜ್ದಿಸ್ಲಾವಾ.
ಯಾವ ಮನೆ ಅಂತ ಯಾರೂ ಕೇಳಲಿಲ್ಲ.

ಒದ್ದೆ ಕೈಯಲ್ಲೇ ಚೀಟಿ ಹರಿದು
ಹೊಸದು ಬರೆದೆ:
ಕಾಯಿ. ಹದಿನೆಂಟು ಕಿಲೋ. ಹಿತ್ತಿಲಿನದು.