ನಿಂತಲ್ಲೇ

ನವೆಂಬರ್ ಕೊನೆಗೆ ಸಂಡರ್ಲೆಂಡಿನಲ್ಲಿ
ಮೂರೂಮುಕ್ಕಾಲಿಗೇ ದೀಪ ಹಚ್ಚುತ್ತಾರೆ.
ಸಮುದ್ರದ ಕಡೆಯಿಂದ ಬರುವ ಗಾಳಿಗೆ
ಹಲ್ಲಿದೆ, ಉಗುರಿದೆ, ನಮ್ಮ ಮನೆ ನಂಬರೂ ಗೊತ್ತಿದೆ.
ಹಾಗಾಗಿ ಸೈಕಲ್ಲನ್ನು ಒಳಗೆ ತಂದೆ.
ಹಿಂದಿನ ಚಕ್ರ ಬಿಚ್ಚಿ, ಕಬ್ಬಿಣದ ಕಾಲಿನ ಮೇಲೆ ಕೂರಿಸಿ,
ಅಡಿಗೆ ನವಿಲಿನ ಹಳೇ ಜಮಖಾನ,
ಎದುರಿಗೆ ಫ್ಯಾನು, ಫ್ಯಾನಿನ ಪಕ್ಕ ಪರದೆ,
ಪರದೆಯೊಳಗೆ ಯಾವುದೋ ದೇಶದ ಬೆಟ್ಟ.

ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ.
ನಾನೂ ಒಗೆದೆ.
ಆಸ್ಪತ್ರೆಯ ಲ್ಯಾಬಿನಲ್ಲಿ ಹಗಲೆಲ್ಲ ರಕ್ತದ ಸೀಸೆ
(ಅಲ್ಲಿಯೂ ತಿರುಗುವುದೇ ಕಸುಬು,
ತಿರುಗಿ ತಿರುಗಿ ಕೆಂಪು ಕೆಳಗೆ, ಹಳದಿ ಮೇಲೆ),
ಮನೆಗೆ ಬಂದು ಟೀ ಕಾಯಿಸುವ ಮೊದಲೇ
ಷೂ ಬಿಗಿದೆ.
ಮೊದಲ ದಿನ, ಹತ್ತನೆಯ ದಿನ, ನಲವತ್ತೊಂದನೆಯ ದಿನ.
ಕ್ಯಾಲೆಂಡರಿನ ಮೇಲೆ ಹಸಿರು ಚುಕ್ಕೆ. ಒಂದೂ ತಪ್ಪಬಾರದು.
ತಪ್ಪಿದರೆ ಏನಾಗುತ್ತದೆಂದು ಯಾರೂ ಹೇಳಿರಲಿಲ್ಲ,
ಅದಕ್ಕೇ ಹೆಚ್ಚು ಭಯ.

ಗಾಣದೆತ್ತು ಎಂದುಬಿಡುವುದು ಸುಲಭ.
ಎತ್ತು ಸುತ್ತಿದರೆ ಎಣ್ಣೆ ಇಳಿಯುತ್ತದೆ, ಹಿಂಡಿ ಉಳಿಯುತ್ತದೆ.
ನನ್ನಿಂದ ಇಳಿದದ್ದು ಉಪ್ಪುನೀರು,
ನವಿಲಿನ ಬೆನ್ನ ಮೇಲೆ ಬೆಳ್ಳಗೆ ಒಣಗಿದ
ಯಾವ ಊರಿನದೂ ಅಲ್ಲದ ನಕಾಶೆ.

ಐವತ್ತೆಂಟನೆಯ ಸಂಜೆ
ತುಳಿದೆ. ಬೆಟ್ಟ ಬಂತು. ಬೆಟ್ಟ ಹೋಯಿತು.
ಪರದೆಯ ಮೂಲೆಯಲ್ಲಿ ಒಬ್ಬ ಹುರಿದುಂಬಿಸುತ್ತಲೇ ಇದ್ದ.
ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಮಾತು
ಎಲ್ಲಿಯತನಕ?
ಉಸಿರು ಸೋತಿರಲಿಲ್ಲ. ತೊಡೆ ಸೋತಿರಲಿಲ್ಲ.
ಬೇರೇನೋ. ಎಣ್ಣೆ ತೀರಿದ ಮೇಲೆ
ಬತ್ತಿ ತನ್ನನ್ನೇ ತಿನ್ನುವಾಗಿನ ವಾಸನೆ.
ಇಳಿದೆ. ಬಾಗಿಲೆಳೆದುಕೊಂಡೆ.
ಫ್ಯಾನು ಒಂಟಿಯಾಗಿ ರಾತ್ರಿಯಿಡೀ
ಗೋಡೆಗೆ ಗಾಳಿ ಹಾಕಿತು.

ಮರುದಿನ ಹ್ಯಾಂಡಲ್ಲಿಗೆ ಒದ್ದೆ ಕಾಲುಚೀಲ ನೇತುಹಾಕಿದೆ,
ಸೇಡಿಗೆ.

ಗೋಡೆಯಾಚೆ ಮಿಸೆಸ್ ಹೆರನ್. ಎಂಬತ್ತೊಂದು ವರ್ಷ.
ನಮ್ಮಿಬ್ಬರ ನಡುವೆ ಒಂದು ಇಟ್ಟಿಗೆಯ ದಪ್ಪ.
ಶನಿವಾರ ಬಾಗಿಲು ತಟ್ಟಿದಳು,
ಕೈಯಲ್ಲಿ ದಾರಿತಪ್ಪಿದ ನನ್ನ ಗ್ಯಾಸ್ ಬಿಲ್ಲು.
"ನಿನ್ನ ಆ ಗಿರಣಿ ಕೆಟ್ಟಿತೇನು, ಪೆಟ್?"
ಇಲ್ಲಿ ಅಕ್ಕರೆಗೆ ಹಾಗನ್ನುತ್ತಾರೆ. ಬಂದ ಹೊಸತರಲ್ಲಿ
ನನಗದು ಪೆಟ್ಟು ಎಂದೇ ಕೇಳಿಸುತ್ತಿತ್ತು.
ಗಿರಣಿ ಸರಿಯಾಗಿದೆ, ಕೆಟ್ಟಿದ್ದು ನಾನು, ಎಂದೆ.
ಅವಳು ಕನಿಕರಿಸಲಿಲ್ಲ.
"ಒಳ್ಳೆಯದಾಯಿತು. ಈ ವಾರ ರೇಡಿಯೋ ನಾಟಕ ಪೂರ್ತಿ ಕೇಳಿದೆ.
ಕೊಂದವನು ತೋಟದ ಮಾಲಿ.
ಎರಡು ತಿಂಗಳಿಂದ ನಿನ್ನ ಗರಗರದಲ್ಲಿ
ಸತ್ತವರು ಯಾರೆಂದೇ ತಿಳಿಯುತ್ತಿರಲಿಲ್ಲ."

ನಗು ಬಂತು. ಆ ಕೋಣೆಯ ವಿಷಯಕ್ಕೆ
ಮೊದಲ ಸಲ ನಗು ಬಂತು.
ಹೊಸ್ತಿಲಲ್ಲೇ ಒಪ್ಪಂದ:
ಮಂಗಳವಾರ, ಗುರುವಾರ ನಾಟಕ,
ಭಾನುವಾರ ಅವಳ ಮೊಣಕಾಲು ಮಲಗುವ ದಿನ,
ಉಳಿದ ನಾಲ್ಕು ನನ್ನವು.
ಹಸಿರು ಚುಕ್ಕೆಗಳು ಕೊಡದ ರಜೆಯ ಪಟ್ಟಿ
ನೀಲಿ ಪೆನ್ನಿನಲ್ಲಿ, ಗ್ಯಾಸ್ ಬಿಲ್ಲಿನ ಬೆನ್ನಿಗೆ.

ಈಗ ಪರದೆಯಿಲ್ಲ. ಸೈಕಲ್ಲಿನ ಮುಖ ಕಿಟಕಿಗೆ.
ಬೀದಿಯಲ್ಲಿ ಬಸ್ಸು ಇಪ್ಪತ್ತು ನಿಮಿಷಕ್ಕೊಂದು;
ಎರಡು ಬಸ್ಸು ತುಳಿಯುತ್ತೇನೆ, ಮನಸ್ಸಾದರೆ ಮೂರು.
ಕೆಲವು ದಿನ ಷೂ ಕಟ್ಟಿ, ಬಿಚ್ಚಿ,
ಹುರುಳಿ ಸಾರಿಗೆ ಒಗ್ಗರಣೆ.
ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತಂತೆ.
ಎಳೆಯಲಿ ಬಿಡು,
ನೀರಿಗೂ ಒಮ್ಮೊಮ್ಮೆ ಹೋಗಬೇಕು.

ನಿನ್ನೆ ಗುರುವಾರ.
ಸುಮ್ಮನಿದ್ದ ಸೈಕಲ್ಲಿನ ಪಕ್ಕ ಕುರ್ಚಿ ಹಾಕಿ
ಗೋಡೆಗೆ ಕಿವಿಕೊಟ್ಟೆ.
ಯಾರೋ ಚೀರಿದರು, ಬಾಗಿಲು ಬಡಿಯಿತು, ಪಿಟೀಲು.
ಅಷ್ಟರಲ್ಲಿ ನನಗೆ ತೂಕಡಿಕೆ.
ಈ ಸಲ ಯಾರು ಹೋದರೋ,
ಶನಿವಾರ ಕೇಳಬೇಕು.