ಒಂದು ಗೇಣು ಕಬ್ಬಿಣ

ಆಲ್ದೂರು ದಾಟಿ ಇಳಿಜಾರು ಹಿಡಿದಾಗ
ಮೊದಲು ತಿಳಿದದ್ದು ಕನ್ನಡಿಗೆ.
ಹಿಂದೆ ಬರುತ್ತಿದ್ದ ಪಲ್ಪರು
ಎಡಗನ್ನಡಿಯಲ್ಲಿ ಒಮ್ಮೆ, ಬಲಗನ್ನಡಿಯಲ್ಲಿ ಒಮ್ಮೆ ಇಣುಕಿತು,
ಪಂಕ್ತಿಯಲ್ಲಿ ಎಲೆ ಸಿಗದ ನೆಂಟನ ಹಾಗೆ.

ಆಮೇಲೆ ತಿಳಿದದ್ದು ನನ್ನ ಸೊಂಟಕ್ಕೆ.
ಸೀಟು ಎಡಕ್ಕೆ ಜಗ್ಗಿತು. ಸ್ಟೇರಿಂಗು ಬಲಕ್ಕೆ ಎಳೆದೆ.
ಅದು ಅದಕ್ಕೇ ಕಾಯುತ್ತಿತ್ತೇನೋ,
ಇನ್ನೂ ಜೋರಾಗಿ ಬಲಕ್ಕೆ.
ಪಕ್ಕದಲ್ಲಿ ಕೂತ ಕಾಳಿಂಗ
ಮೇಲಿನ ಕಂಬಿ ಹಿಡಿದು
ಬಾಯಲ್ಲಿದ್ದ ಎಲೆಯಡಿಕೆ ನುಂಗಿಬಿಟ್ಟ.
ಬ್ರೇಕು ಒತ್ತಬಾರದು ಅಂತ ಯಾರು ಹೇಳಿದ್ದರೋ,
ಹೇಳಿದ್ದರೋ ಇಲ್ಲವೋ,
ಕಾಲು ತಾನಾಗಿ ಎಲ್ಲದರ ಮೇಲಿಂದ ಎದ್ದಿತು.
ಸ್ಟೇರಿಂಗನ್ನು ನೆಟ್ಟಗೆ ಹಿಡಿದು
ಜೆಜು ಅಂದೆ.
ಮುಂದಿನದು ನೆನಪಾಗಲಿಲ್ಲ.
ಮೂರು ಸಲ, ನಾಲ್ಕು ಸಲ ಬೀಸಿ
ಐದನೆಯದಕ್ಕೆ ಸುಸ್ತಾಗಿ
ಪಲ್ಪರು ನನ್ನ ಬೆನ್ನ ಹಿಂದೆ ಬಂತು.

ಹಿರೇಮಗಳೂರಿನ ಹತ್ತಿರ ಉಸ್ಮಾನಿಚ್ಚರ ಶೆಡ್ಡು.
ಅವರು ಪಲ್ಪರಿನ ಕಡೆ ನೋಡಲೂ ಇಲ್ಲ.
ಜೀಪಿನ ಪಕ್ಕ ಕುಕ್ಕರುಗಾಲಲ್ಲಿ ಕೂತು
ಬಟ್ಟೆ ಅಂಗಡಿಯವರಂತೆ ಮೊಳ ಹಾಕಿದರು.
ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ನಾಲ್ಕೂವರೆ.
ಹಿಂದಿನ ಗಾಲಿಯಿಂದ ಕೊಂಡಿಗೆ ಒಂದೂವರೆ,
ಅದರ ಮೇಲೊಂದು ಗೇಣು.
"ಈ ಗೇಣು ಎಲ್ಲಿಂದ ಬಂತು, ಬಾಯಮ್ಮಾ?"

ಹೇಳಲು ನಾಚಿಕೆ.
ಹಿಂದಿನ ಬಾಗಿಲು ಟ್ರೈಲರಿನ ಮೂತಿಗೆ ತಾಗುತ್ತದೆ,
ಚೀಲ ಇಳಿಸಲು ಆಗುವುದಿಲ್ಲ ಎಂದು
ಹೋದ ಕೊಯ್ಲಿನಲ್ಲಿ ನಾನೇ
ಚಾನೆಲ್ ತುಂಡೊಂದನ್ನು ಬೆಸುಗೆ ಹಾಕಿಸಿದ್ದೆ.

ಅವರು ಎರಡು ಪಾನ ತಂದರು,
ಒಂದು ಕಿರುಬೆರಳಿನಷ್ಟು, ಒಂದು ಮೊಳದುದ್ದ.
ತುಕ್ಕು ಹಿಡಿದ ನಟ್ಟು ಒಂದೇ.
ಗಿಡ್ಡದರಲ್ಲಿ ನನ್ನ ಬೆರಳ ಗೆಣ್ಣು ತರಚಿತು.
ಉದ್ದದರಲ್ಲಿ ಕಾಳಿಂಗ, ಒಂದೇ ಕೈ,
ಕ್ರಿಕ್ ಅಂತ ತಿರುಗಿಸಿ ನನ್ನ ಮುಖ ನೋಡಿದ.
"ಇಷ್ಟೇ. ಹಿಂದಿನದು ಬಾಲ ಹಿಡಿದು ಅಡ್ಡ ತಳ್ಳುತ್ತೆ.
ತಡೆಯೋದು ಮುಂದಿನ ಗಾಲಿ.
ಅದು ದೂರ ಇದ್ದಷ್ಟೂ ಪಾನ ಉದ್ದ.
ನಿಮ್ಮದು ಗಿಡ್ಡ ಪಾನ. ಸಾಲದ್ದಕ್ಕೆ
ಉದ್ದದ್ದನ್ನು ಪಲ್ಪರಿನ ಕೈಗೆ ಕೊಟ್ಟಿದ್ದೀರಿ."

ಕೊಪ್ಪದ ಪಾರ್ಟಿಯದೊಂದು ಉದ್ದ ಜೀಪು ಇದೆ ಅಂದರು,
ಆರು ಮೊಳ. ರೇಟು ಹೇಳಿದರು.
ರೇಟು ಕೇಳಿ ನೆನಪಾದದ್ದು
ಗೌರಕ್ಕನ ಎರಡೆಕರೆಗೆ ಹೋಗುವ ತಿರುವು.
ಎರಡು ಸಿಲ್ವರ್ ಮರದ ನಡುವೆ
ಗಿಡ್ಡ ಜೀಪೇ ಕಿವಿ ಮಡಚಿಕೊಂಡು ನುಗ್ಗಬೇಕು.
ಉದ್ದದ್ದು ಅಲ್ಲಿ ಸಿಕ್ಕಿಕೊಂಡರೆ
ಕೊಯ್ದ ಹಣ್ಣು ಬುಟ್ಟಿಯಲ್ಲೇ ಹುಳಿಯುತ್ತದೆ.

"ಹಾಗಾದರೆ ಗೇಣು ಕತ್ತರಿಸೋಣ."
ಕಿಡಿ ಹಾರಿತು. ಪಲ್ಪರನ್ನು ನಾಲ್ಕು ಬೆರಳು ಮುಂದೆ ಸರಿಸಿ
ಕೊಂಡಿಯ ಮೇಲೆ ಭಾರ ಕೂರುವಂತೆ ಬೋಲ್ಟು ಬಿಗಿದರು.
"ಇಳಿಜಾರಲ್ಲಿ ಮೂವತ್ತು ದಾಟಬೇಡಿ.
ಏನು ಮಾಡಿದರೂ ಗಿಡ್ಡ ಗಿಡ್ಡವೇ."
ಮುನ್ನೂರು ತಗೊಂಡರು.
ಕಾಳಿಂಗನಿಗೆ ಎಲೆಯಡಿಕೆ ಅವರ ಲೆಕ್ಕದಲ್ಲಿ.

ಈಗ ಬಾಗಿಲು ಅರ್ಧವೇ ತೆರೆಯುತ್ತದೆ.
ಚೀಲವನ್ನು ಓರೆ ಮಾಡಿ,
ಬಸುರಿಯನ್ನು ಬಸ್ಸಿಂದ ಇಳಿಸುವಂತೆ ಇಳಿಸುತ್ತೇವೆ.
ಕಾಳಿಂಗ ದಿನಾ ಬಯ್ಯುತ್ತಾನೆ.
ಕತ್ತರಿಸಿದ ತುಂಡನ್ನು ನಾನು ಎಸೆದಿಲ್ಲ.
ಗೌರಕ್ಕನ ಏರಿನಲ್ಲಿ ಟ್ರೈಲರು ನಿಲ್ಲಿಸಿದಾಗ
ಗಾಲಿಗೆ ಅದನ್ನೇ ಒಡ್ಡು ಕೊಡುತ್ತೇನೆ,
ಕಚ್ಚಿಕೊಂಡು ಕೂರುತ್ತದೆ.
ಕೆಂಪು ಸಿಪ್ಪೆ ಒಂದು ಕಡೆ,
ಲೋಳೆ ಹತ್ತಿದ ಬೀಜ ಒಂದು ಕಡೆ ಬೀಳುವಾಗ
ಇಡೀ ಗಾಡಿ ನಡುಗುತ್ತದೆ.
ನಡುಗಲಿ.
ನಿಂತಲ್ಲೇ ನಡುಗಲಿ.