ಬಾಯಿ ಬೇಕಾಗಿದ್ದಾಳೆ

ಭೋಸರಿಯ ಕಾರ್ಖಾನೆಯಲ್ಲಿ ನಾನು
ಕೂದಲೆಳೆಯ ಹತ್ತರಲ್ಲೊಂದು ಪಾಲು ತಪ್ಪಿದರೂ
ಮಾಲು ಹಿಂದಕ್ಕೆ ಕಳಿಸುವವನು.
ಈ ಒಂದು ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ:
ಹನ್ನೆರಡು ತಾಸಿಗೆ ಎಂಟುನೂರು,
ಮೇಲೆ ಊಟ, ಎರಡು ಹೊತ್ತಿನ ಚಹಾ,
ಎತ್ತಿ ಕೂರಿಸುವ ಪೇಶಂಟಾದರೆ ದಿನಕ್ಕೆ ಇನ್ನೊಂದು ನೂರು,
ಏಜೆನ್ಸಿಗೆ ಮೊದಲ ತಿಂಗಳಿನ ಅರ್ಧ.
ನನ್ನ ಪಗಾರ ಇಪ್ಪತ್ಮೂರು ಸಾವಿರ.

ಫೋನಿನ ಹುಡುಗಿ ಮರಾಠಿಯಲ್ಲಿ ಕೇಳಿದಳು,
ಕಾಕಾ, ಪೇಶಂಟಿನ ತೂಕ ಎಷ್ಟು?
ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಮಂಚದ ಕಡೆ ನೋಡಿದೆ.
ನೀಲಾಂಬಿಕೆ ಅಂದಳು:
"ಹೇಳ್ರಿ, ಬಂಗಾರ ಬಿಟ್ಟು ಐವತ್ತೆಂಟು."
ಬಂಗಾರ ಪಿಂಪ್ರಿಯ ಆಸ್ಪತ್ರೆಗೆ ಹೋಗಿ
ಎರಡು ವರ್ಷವಾಗಿತ್ತು.
ನಾಶಿಕ್ ಫಾಟಾದ ತಿರುವಿನಲ್ಲಿ ಸ್ಕೂಟರು ಜಾರಿದ್ದು,
ಅಂದಿನಿಂದ ಕತ್ತಿನ ಕೆಳಗಿನ ಊರು
ಅವಳ ಮಾತು ಕೇಳುವುದನ್ನು ಬಿಟ್ಟಿದ್ದು.

ಕಿರಾಣಿಯವನಿಗೆ ಹೇಳಿಟ್ಟೆ, ಬಾಯಿ ಬೇಕು.
ಹಿಟ್ಟಿನ ಗಿರಣಿಯವನಿಗೆ, ಔಷಧಿ ಅಂಗಡಿಯವನಿಗೆ,
ನಮ್ಮ ಲೈನಿನ ಸೂಪರ್‌ವೈಸರನ ಹೆಂಡತಿಗೂ ಹೇಳಿಟ್ಟೆ, ಬಾಯಿ ಬೇಕು.
ರಾತ್ರಿ ಅವಳ ಬೆನ್ನು ಒರೆಸುತ್ತ ಇದನ್ನೆಲ್ಲ ಒಪ್ಪಿಸಿದರೆ ನಕ್ಕಳು:
"ಬಾಯಿ ಒಂದು ನನ್ನ ಹಂತ್ಯಾಕ ಅದ.
ಕೈ ಹುಡುಕ್ರಿ."

ಮೊದಲು ಬಂದವಳು ಮೂರನೇ ಮಹಡಿಯಲ್ಲಿ ಉಸಿರು ತಗೊಂಡು
ಲಿಫ್ಟು ಯಾವಾಗ ಹಾಕಿಸ್ತೀರಿ ಅಂತ ಕೇಳಿ ಇಳಿದು ಹೋದಳು.
ಎರಡನೆಯವಳು ಎರಡು ದಿನ ಧಾರಾವಾಹಿ ನೋಡಿದಳು,
ಮೂರನೆಯ ದಿನ ಅವಳ ಫೋನು ಬಂದ್.
ಆಮೇಲೆ ಏಜೆನ್ಸಿಯವರೇ ಕೇಳಿದರು,
ಗಂಡಸು ನಡೀತಾನಾ? ಇನ್ನೂರು ಕಮ್ಮಿ.
ನಾನು ತಟ್ಟನೆ ಇಲ್ಲ ಅಂದೆ.
ತುಸು ಹೊತ್ತು ಬಿಟ್ಟು ಅವಳು:
"ನನ್ನ ಕೇಳಬೇಕಿತ್ತು."
ಅಂದು ನಮ್ಮ ಮನೆಯಲ್ಲಿ ಫ್ಯಾನಿನದೊಂದೇ ಮಾತು.

ನಾನು ಎರಡನೇ ಪಾಳಿಗೆ ಹೋಗುವಾಗ
ನೀರಿನ ಬಾಟಲಿಗೆ ಉದ್ದನೆಯ ನಳಿಕೆ ಕಟ್ಟಿ ಅವಳ ತುಟಿಯ ಹತ್ತಿರ,
ಕೀಲಿ ಎದುರುಮನೆಯ ಖೈರನಾರ್ ಆಜಿಯ ಕೈಯಲ್ಲಿ.
ಆಜಿಗೆ ಎಂಬತ್ತೊಂದು.
ಮಗ್ಗುಲು ಬದಲಿಸಲು ಆಕೆಗೇ ಯಾರಾದರೂ ಬೇಕು.

ಶೇವಂತಾಳನ್ನು ನಾವು ಹುಡುಕಲಿಲ್ಲ.
ಪಕ್ಕದ ಕಟ್ಟಡದಲ್ಲಿ ಪಾತ್ರೆ ತಿಕ್ಕುತ್ತಾಳೆ,
ಲಾತೂರಿನ ಕಡೆಯವಳು,
ಅತ್ತೆಯನ್ನು ಆರು ವರ್ಷ ಹಾಸಿಗೆಯಲ್ಲಿ ನೋಡಿಕೊಂಡವಳು.
ನಾಲ್ಕು ತಾಸಿಗೆ ತಿಂಗಳಿಗೆ ಆರು ಸಾವಿರ,
ದೀಪಾವಳಿಗೊಂದು ಸೀರೆ, ಅಮಾವಾಸ್ಯೆಗೆ ರಜೆ.
ಓಟಿ ಮಾಡಿದರೆ ಆದೀತು ಅಂತ ಬೆರಳೆಣಿಸುತ್ತಿದ್ದೆ,
ಅಷ್ಟರಲ್ಲಿ ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು.
ತೂಕ ಕೇಳಲಿಲ್ಲ. ಹೆಸರು ಕೇಳಿದಳು.
ನನಗೆ: ಕಾಕಾ, ನೀವು ಹೊರಗೆ.

ಮೆಟ್ಟಿಲ ಮೇಲೆ ಕೂತೆ.
ಒಳಗೆ ಬಕೆಟ್ಟಿನ ಸದ್ದು, ಕೊಬ್ಬರಿಎಣ್ಣೆಯ ವಾಸನೆ,
ಅರ್ಧ ಮರಾಠಿ ಅರ್ಧ ಕನ್ನಡದ ನಗು.
ಅವಳ ಜಡೆಯನ್ನು ನಾನೇ ಕತ್ತರಿಸಿದ್ದೆ,
ಹೆಣೆಯಲು ಬರುವುದಿಲ್ಲವೆಂದು.
ನಾಲ್ಕು ತಾಸು ನನ್ನವು. ಏನು ಮಾಡುವುದು ಗೊತ್ತಿಲ್ಲ.
ಹೋಗಿ ಗಡ್ಡ ಮಾಡಿಸಿಕೊಂಡು ಬಂದೆ.
ಇನ್ನೂ ಮೂರೂವರೆ ಉಳಿದಿತ್ತು.

ಪಾಳಿ ಮುಗಿಸಿ ಬಂದಾಗ ಎಚ್ಚರವಿದ್ದಳು:
"ಆಕಿ ಕೈ ಭಾಳ ಮೆತ್ತಗ ಅವ."
ನನ್ನ ಕೈ ನೋಡಿಕೊಂಡೆ.
ಎಷ್ಟು ತಿಕ್ಕಿದರೂ ಹೋಗದ ಕಬ್ಬಿಣದ ಪುಡಿ, ಗೆರೆಗಳಲ್ಲಿ.
"ನಿಮ್ಮವು ಗಟ್ಟಿ ಅವ,"
ಕಾಯಿಪಲ್ಲೆಯವಳು ಕೊಸರು ಹಾಕಿದ ಹಾಗೆ ಸೇರಿಸಿದಳು.
ತಗೊಂಡೆ. ಚೌಕಾಸಿ ಮಾಡಲಿಲ್ಲ.

ರಾತ್ರಿ ಎರಡಕ್ಕೆ ಅಲಾರಂ. ಮಗ್ಗುಲು ಬದಲಿಸುವ ಹೊತ್ತು.
ಎಂದಿನಂತೆ ತೋಳ ಕೆಳಗೆ ಕೈ ಹಾಕಿ ನಿಂತೆ.
ಆಕಿ ಹ್ಯಾಂಗ ಮಾಡಿದಳು, ಅಂದೆ.
ಕತ್ತಲಲ್ಲಿ ಅವಳ ದನಿ:
"ಮೊದಲ ಮೊಣಕಾಲು ಮಡಚ್ರಿ.
ಎಳೀಬ್ಯಾಡ್ರಿ. ತಡೀರಿ.
ಹಾಂ, ಈಗ ಹೆಗಲು."